ಅಳತೆ ಕಾಲಿನದಾಗಲಿ: ತುಳಜಾಪುರದ ದಾರಿಗೆ ಎಂಥ ಮೆಟ್ಟು?

ದಸರೆ ಮುಗಿದು ಸೀಗಿ ಹುಣ್ಣಿಮೆ ಹತ್ತಿರ ಬಂದಂತೆ ಹೈದರಾಬಾದ್–ಸೊಲ್ಲಾಪುರ ಹೆದ್ದಾರಿಯ ಅಂಚೆಲ್ಲ ಕಾಲುದಾರಿಯಾಗುತ್ತದೆ. ಬೀದರ್, ಹುಮನಾಬಾದ್, ಬಸವಕಲ್ಯಾಣದ ಕಡೆಯಿಂದ ಹೊರಟವರು ಉಮರ್ಗಾ, ಜಳಕೋಟ ದಾಟಿ ನಳದುರ್ಗ ಸೇರುತ್ತಾರೆ. ಅಲ್ಲಿ ಹೆದ್ದಾರಿ ಬಿಟ್ಟು ಬಲಕ್ಕೆ ತಿರುಗಿದರೆ ತುಳಜಾಪುರದ ದಾರಿ. ಕಲಬುರಗಿ, ವಿಜಯಪುರದ ಕಡೆಯ ಬಹಳಷ್ಟು ಜನ ಸೊಲ್ಲಾಪುರದವರೆಗೆ ಬಂದು, ಅಲ್ಲಿಂದ ಸುಮಾರು 45 ಕಿ.ಮೀ. ನಡೆಯುತ್ತಾರೆ. ದಸರೆಯ ಸೀಮೋಲ್ಲಂಘನ ಮುಗಿಸಿ ನಿದ್ರೆಗೆ ಹೋದ ತುಳಜಾಭವಾನಿ ಹುಣ್ಣಿಮೆಗೆ ಮತ್ತೆ ಸಿಂಹಾಸನ ಏರುತ್ತಾಳೆ ಎಂಬುದು ನಂಬಿಕೆ. ಆ ಹೊತ್ತಿಗೆ ಅವಳ ಮುಂದೆ ನಿಲ್ಲಬೇಕೆಂಬ ಹಂಬಲದಲ್ಲಿ ಸಾವಿರಾರು ಜನ ಹಗಲು ರಾತ್ರಿ ಎನ್ನದೆ ನಡೆಯುತ್ತಾರೆ.

ಮರಾಠವಾಡಾದ ಈ ಅಂಚಿನಲ್ಲಿ ಜಳಕೋಟ ಎಂಬ ಹೆಸರಿನ ಊರು ಎರಡಿವೆ. ಒಂದು ಉದಗೀರದ ಆಚೆ, ಲಾತೂರ ಜಿಲ್ಲೆಯ ತಾಲ್ಲೂಕು ಕೇಂದ್ರ. ಇನ್ನೊಂದು ತುಳಜಾಪುರ ತಾಲ್ಲೂಕಿನದು, ಹೆದ್ದಾರಿಯ ಮೇಲೆಯೇ ಇದೆ. ಪಾದಯಾತ್ರಿಗಳು ಹಾದು ಹೋಗುವುದು ಈ ಎರಡನೆಯ ಜಳಕೋಟವನ್ನು. ಬಸವಕಲ್ಯಾಣದಿಂದ ನಡೆದು ಬಂದವರ ಕಾಲು ಇಲ್ಲಿಗೆ ಬರುವಷ್ಟರಲ್ಲಿ ದಣಿದು ಊದಿಕೊಂಡಿರುತ್ತದೆ. ರಸ್ತೆಯ ಬದಿಯಲ್ಲಿ ಕೂತು ಅಂಗಾಲು ನೋಡಿಕೊಳ್ಳುವವರು, ಕಿರುಬೆರಳಿಗೆ ಬಟ್ಟೆ ಸುತ್ತಿಕೊಳ್ಳುವವರು, ಒಂದು ಕಾಲನ್ನು ಕುಂಟಿಸುತ್ತ ಮುಂದೆ ಸಾಗುವವರು ಈ ದಾರಿಯಲ್ಲಿ ಸಾಮಾನ್ಯ. ಆ ಗುಂಪಿನ ಕಾಲುಗಳನ್ನು ಗಮನಿಸಿದರೆ ಬರಿಗಾಲು, ಹವಾಯಿ ಚಪ್ಪಲಿ, ಪ್ಲಾಸ್ಟಿಕ್ ಸ್ಯಾಂಡಲ್, ಮಗನ ಹಳೆಯ ಕ್ಯಾನ್ವಾಸ್ ಶೂ, ಯಾತ್ರೆಗೆಂದೇ ಹಿಂದಿನ ದಿನ ಕೊಂಡ ಹೊಳೆಯುವ ಸ್ಪೋರ್ಟ್ಸ್ ಶೂ, ಎಲ್ಲವೂ ಕಾಣುತ್ತವೆ.

ಯಾತ್ರೆಗೆ ರೊಟ್ಟಿ, ಶೇಂಗಾ ಚಟ್ನಿಯ ಬುತ್ತಿ ಕಟ್ಟಿಕೊಳ್ಳುವ ಕಾಳಜಿಯಲ್ಲಿ ಅರ್ಧದಷ್ಟಾದರೂ ಕಾಲಿನ ಬಗ್ಗೆ ಇದ್ದರೆ ಈ ನೋವಿನ ಬಹುಪಾಲು ತಪ್ಪುತ್ತದೆ. ಮೆಟ್ಟು ಆರಿಸುವುದಕ್ಕೆ ಒಂದು ಕ್ರಮ ಇದೆ: ಮೊದಲು ಕಾಲು, ಆಮೇಲೆ ದಾರಿ, ಕೊನೆಗೆ ಅಂಗಡಿ. ನಮ್ಮಲ್ಲಿ ಹೆಚ್ಚಿನವರು ಅಂಗಡಿಯಿಂದ ಶುರು ಮಾಡುತ್ತೇವೆ. ಬಣ್ಣ, ಹೆಸರು, ಬೆಲೆ ನೋಡಿ ಕೊಂಡು, ಕಾಲು ಹೇಗಾದರೂ ಅದಕ್ಕೆ ಹೊಂದಿಕೊಳ್ಳಲಿ ಎಂದು ಬಿಟ್ಟುಬಿಡುತ್ತೇವೆ. ಸಂತೆಗೆ ಹೋಗಿಬರುವಷ್ಟು ದೂರಕ್ಕೆ ಕಾಲು ಅದನ್ನು ಸಹಿಸುತ್ತದೆ. 45 ಕಿ.ಮೀ.ಗೆ ಸಹಿಸುವುದಿಲ್ಲ.

ಮೊದಲು ಕಾಲು

ಒಂದು ಪಾದದಲ್ಲಿ 26 ಮೂಳೆಗಳು, 33 ಕೀಲುಗಳು ಇವೆ. ಒಂದು ಕಿಲೋಮೀಟರಿಗೆ ಸಾಧಾರಣವಾಗಿ 1,300ಕ್ಕೂ ಹೆಚ್ಚು ಹೆಜ್ಜೆ ಬೀಳುತ್ತವೆ. ಸೊಲ್ಲಾಪುರದಿಂದ ತುಳಜಾಪುರಕ್ಕೆ ಸುಮಾರು 60,000 ಹೆಜ್ಜೆ, ಅಂದರೆ ಒಂದೊಂದು ಕಾಲಿಗೆ 30,000. ಮೆಟ್ಟಿನೊಳಗೆ ಒಂದು ಹೊಲಿಗೆ ಚುಚ್ಚುತ್ತಿದ್ದರೆ ಅದು 30,000 ಸಲ ಚುಚ್ಚುತ್ತದೆ. ಮುಂತುದಿಯಲ್ಲಿ ಜಾಗ ಸಾಲದಿದ್ದರೆ ಹೆಬ್ಬೆರಳಿನ ಉಗುರು ಅಷ್ಟೇ ಸಲ ಬಡಿಯುತ್ತದೆ. ಯಾತ್ರೆಯಿಂದ ಬಂದವರ ಉಗುರು ಕಪ್ಪಾಗುವುದು ಈ ಬಡಿತದಿಂದ.

ನಡೆಯುತ್ತ ಹೋದಂತೆ ಪಾದ ಊದಿಕೊಳ್ಳುತ್ತದೆ. ರಕ್ತ ಸಂಚಾರ ಹೆಚ್ಚುತ್ತದೆ, ದ್ರವ ಕೆಳಗಿಳಿಯುತ್ತದೆ, ದೇಹದ ಭಾರಕ್ಕೆ ಪಾದದ ಕಮಾನು ಸ್ವಲ್ಪ ಚಪ್ಪಟೆಯಾಗುತ್ತದೆ. ಬೆಳಿಗ್ಗೆ ಸರಿಯಾಗಿದ್ದ ಶೂ ಸಂಜೆಗೆ ಬಿಗಿಯುವುದು ಇದೇ ಕಾರಣಕ್ಕೆ. ಹಾಗಾಗಿ ಅಳತೆ ತೆಗೆಯುವ ಹೊತ್ತು ಸಂಜೆ, ಅದೂ ಒಂದಿಷ್ಟು ನಡೆದು ಬಂದ ಮೇಲೆ. ದಪ್ಪ ಕಾಗದದ ಮೇಲೆ ಭಾರವೆಲ್ಲ ಬಿಟ್ಟು ನಿಂತು, ಪೆನ್ಸಿಲನ್ನು ನೆಟ್ಟಗೆ ಹಿಡಿದು ಎರಡೂ ಪಾದಗಳ ಸುತ್ತ ಗೆರೆ ಎಳೆಸಿಕೊಳ್ಳಿ. ಬಹಳಷ್ಟು ಜನರ ಎರಡು ಕಾಲು ಸಮ ಇರುವುದಿಲ್ಲ. ದೊಡ್ಡ ಕಾಲಿಗೆ ಶೂ ಕೊಳ್ಳಬೇಕು. ಕೆಲವರಿಗೆ ಹೆಬ್ಬೆರಳಿಗಿಂತ ಪಕ್ಕದ ಬೆರಳು ಉದ್ದ. ಅಂಥವರು ಅಳತೆಯನ್ನು ಆ ಬೆರಳಿನ ತುದಿಯಿಂದ ಹಿಡಿಯಬೇಕು.

ನಮ್ಮ ಅಂಗಡಿಗಳಲ್ಲಿ ಹೇಳುವ ಏಳು, ಎಂಟು, ಒಂಬತ್ತು ನಂಬರುಗಳು ಬ್ರಿಟಿಷರ ಅಳತೆಯವು. ಅಲ್ಲಿ ಒಂದು ನಂಬರಿಗೂ ಮುಂದಿನದಕ್ಕೂ ಇರುವ ಅಂತರ ಇಂಚಿನ ಮೂರನೆಯ ಒಂದು ಭಾಗ, ಸುಮಾರು 8.5 ಮಿ.ಮೀ. ಈ ನಂಬರು ಉದ್ದವನ್ನು ಹೇಳುತ್ತದೆಯೇ ಹೊರತು ಅಗಲವನ್ನು ಹೇಳುವುದಿಲ್ಲ. ಚೆನ್ನೈನ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆ 2021ರ ಡಿಸೆಂಬರಿನಿಂದ 2022ರ ಮಾರ್ಚ್‌ವರೆಗೆ ದೇಶದ 79 ಕಡೆ ಲಕ್ಷಕ್ಕೂ ಹೆಚ್ಚು ಜನರ ಪಾದಗಳನ್ನು ಮೂರು ಆಯಾಮದ ಸ್ಕ್ಯಾನರ್‌ನಲ್ಲಿ ಅಳೆಯಿತು. ಭಾರತೀಯರ ಪಾದ ಯುರೋಪ್, ಅಮೆರಿಕದವರ ಪಾದಕ್ಕಿಂತ ಅಗಲ ಎಂಬುದು ಅದರಲ್ಲಿ ಕಂಡುಬಂತು. ಉದ್ದಕ್ಕೆ ಸರಿಯಾದ ಶೂ ಅಗಲದಲ್ಲಿ ಬಿಗಿ, ಅಗಲಕ್ಕೆ ಸರಿಯಾದದ್ದು ಉದ್ದದಲ್ಲಿ ಜಾಸ್ತಿ. ಈ ತೊಡಕಿಗೆ ಪರಿಹಾರವಾಗಿ ‘ಭ’ ಎಂಬ ಹೆಸರಿನ ಭಾರತೀಯ ಅಳತೆಯ ಪದ್ಧತಿಯನ್ನು ಸಂಸ್ಥೆ ಸೂಚಿಸಿದೆ. ಚಿಕ್ಕಂದಿನಿಂದ ಬರಿಗಾಲಲ್ಲಿ ಹೊಲ ತಿರುಗಿದವರ ಬೆರಳುಗಳು ಬೀಸಣಿಗೆಯಂತೆ ಹರಡಿರುತ್ತವೆ. ಅವನ್ನು ಚೂಪು ಮೂತಿಯ ಶೂಗೆ ತುರುಕುವುದು ಕಾಲಿಗೆ ಮಾಡುವ ಅನ್ಯಾಯ. ಬೆರಳಿನ ಭಾಗ ಅಗಲವಾಗಿರುವ, ಹಿಮ್ಮಡಿಯ ಭಾಗ ಗಟ್ಟಿಯಾಗಿ ಹಿಡಿಯುವ ಶೂ ಇಂಥ ಪಾದಕ್ಕೆ ಬೇಕು.

ಆಮೇಲೆ ದಾರಿ

ಈ ಸೀಮೆಯ ನೆಲ ಜ್ವಾಲಾಮುಖಿಯ ಲಾವಾ ಹರಡಿ ಆದದ್ದು. ಮೇಲೆ ಎರೆಮಣ್ಣು, ಕೆಳಗೆ ಕರಿಕಲ್ಲು, ಬಾಲಾಘಾಟದ ಏರಿಳಿತಗಳಲ್ಲಿ ಹರಳುಗಲ್ಲಿನ ಮರಡಿ. ಯಾತ್ರೆಯ ದಾರಿ ಮುಖ್ಯವಾಗಿ ಡಾಂಬರು. ಹೊಲದ ಅಡ್ಡದಾರಿ ಹಿಡಿದರೆ, ನಳದುರ್ಗದ ಕೋಟೆ ಹತ್ತಿ ಬೋರಿ ಹೊಳೆಗೆ ಕಟ್ಟಿದ ಅಣೆಕಟ್ಟಿನೊಳಗಿನ ಪಾನಿ ಮಹಲ್ ನೋಡುತ್ತೇನೆಂದರೆ, ಕಲ್ಲು ಮತ್ತು ಮಣ್ಣು ಎರಡೂ ಸಿಗುತ್ತವೆ. ಮೆಟ್ಟು ಇವೆಲ್ಲಕ್ಕೂ ಉತ್ತರ ಕೊಡಬೇಕು.

ದೂರದ ನಡಿಗೆ ಎಂದೊಡನೆ ಗಿರಣಿ ಹಿಟ್ಟಿನ ಚೀಲದಷ್ಟು ಭಾರದ ಬೂಟು ಬೇಕೆಂದು ಹಲವರು ಅಂದುಕೊಳ್ಳುತ್ತಾರೆ. ಹಿಮ, ಚಳಿ, ಬೆನ್ನ ಮೇಲೆ ದೊಡ್ಡ ಹೊರೆ ಇರುವ ಪರ್ವತಗಳಿಗೆ ಹಾಗಿನದು ಬೇಕು. ನಮ್ಮ ಬಿಸಿಲ ಸೀಮೆಗೆ ಬೇಡ. ಕಾಲಿನ ಮೇಲಿನ ಒಂದು ಕಿಲೋ ಭಾರ ಬೆನ್ನ ಮೇಲಿನ ಸುಮಾರು ಐದು ಕಿಲೋದಷ್ಟು ಶಕ್ತಿಯನ್ನು ಬೇಡುತ್ತದೆ ಎಂದು ನಡಿಗೆಯ ಮೇಲಿನ ಅಧ್ಯಯನಗಳು ತೋರಿಸಿವೆ. ಪ್ರತಿ ಹೆಜ್ಜೆಗೂ ಅದನ್ನು ಎತ್ತಿ, ಮುಂದಕ್ಕೆ ಬೀಸಿ, ಮತ್ತೆ ತಡೆದು ನಿಲ್ಲಿಸಬೇಕಲ್ಲ! ಚರ್ಮದ ಎತ್ತರದ ಬೂಟು ಒಂದೊಂದೂ 600ರಿಂದ 800 ಗ್ರಾಂ ತೂಗಿದರೆ, ಕಲ್ಲುಮಣ್ಣಿನ ದಾರಿಯಲ್ಲಿ ಓಡಲೆಂದು ಮಾಡಿದ ಟ್ರೇಲ್ ರನ್ನಿಂಗ್ ಶೂ 250ರಿಂದ 350 ಗ್ರಾಂ ತೂಗುತ್ತದೆ. ಎಮ್ಮಾ ಗೇಟ್‌ವುಡ್ ಎಂಬ ಅಮೆರಿಕದ ಅಜ್ಜಿ 1955ರಲ್ಲಿ, ತನ್ನ 67ನೆಯ ವಯಸ್ಸಿನಲ್ಲಿ, ಮೂರು ಸಾವಿರ ಕಿ.ಮೀ.ಗೂ ಉದ್ದದ ಅಪಲೇಚಿಯನ್ ಕಾಲುದಾರಿಯನ್ನು ಒಂಟಿಯಾಗಿ ನಡೆದು ಮುಗಿಸಿದಳು. ಅವಳ ಕಾಲಲ್ಲಿದ್ದದ್ದು ಹಗುರ ಕ್ಯಾನ್ವಾಸ್ ಶೂ.

ಹಾಗೆಂದು ಎಲ್ಲ ಹಗುರ ಶೂಗಳೂ ಒಂದೇ ಅಲ್ಲ. ಮಾಮೂಲಿ ಓಟದ ಶೂ ನಯವಾದ ರಸ್ತೆಗೆ ಮಾಡಿದ್ದು. ಟ್ರೇಲ್ ಶೂಗೆ ಅಟ್ಟೆಯಲ್ಲಿ ಆಳದ ಹಲ್ಲುಗಳು, ಮೂತಿಯಲ್ಲಿ ಕಲ್ಲೇಟು ತಡೆಯುವ ರಬ್ಬರ್ ಹೊದಿಕೆ, ಕೆಲವಕ್ಕೆ ಅಟ್ಟೆಯೊಳಗೆ ಒಂದು ತೆಳು ಗಟ್ಟಿ ಹಾಳೆ ಇರುತ್ತದೆ. ಹಲ್ಲಿನ ರಬ್ಬರ್ ಅಟ್ಟೆಯ ಹಿಂದೆ ದುಃಖದ ಕಥೆಯಿದೆ. 1935ರಲ್ಲಿ ಇಟಲಿಯ ಆಲ್ಪ್ಸ್‌ನಲ್ಲಿ ಆರು ಮಂದಿ ಆರೋಹಿಗಳು ಸತ್ತರು. ಅವರ ಸಂಗಡಿಗ ವಿತಾಲೆ ಬ್ರಮಾನಿ ಆ ಸಾವುಗಳಿಗೆ ಮೆಟ್ಟೂ ಒಂದು ಕಾರಣ ಎಂದು ಭಾವಿಸಿ, 1937ರ ಹೊತ್ತಿಗೆ ಹಲ್ಲುಗಳಿರುವ ರಬ್ಬರ್ ಅಟ್ಟೆಯನ್ನು ರೂಪಿಸಿದ. ಅವನ ಹೆಸರಿನ ತುಣುಕುಗಳಿಂದಲೇ ‘ವಿಬ್ರಾಮ್’ ಹುಟ್ಟಿತು.

ಇನ್ನು ನಮ್ಮ ದಾರಿಗೆ ಬರೋಣ. ಹೆಚ್ಚು ಡಾಂಬರಿನಲ್ಲೇ ನಡೆಯುವವರಿಗೆ 3–4 ಮಿ.ಮೀ. ಹಲ್ಲು ಸಾಕು. ಅದಕ್ಕಿಂತ ಆಳದ ಹಲ್ಲು ರಸ್ತೆಯಲ್ಲಿ ಬೇಗ ಸವೆಯುತ್ತದೆ, ಅಂಗಾಲಿಗೂ ಒತ್ತುತ್ತದೆ. ಎರೆ ಹೊಲದಲ್ಲಿ ಮಳೆಯ ಮೇಲೆ ನಡೆಯುವವರು ಹಲ್ಲುಗಳ ನಡುವೆ ಅಗಲ ಅಂತರ ಇರುವುದನ್ನು ನೋಡಿ ಕೊಳ್ಳಬೇಕು. ಹಲ್ಲು ಒತ್ತೊತ್ತಾಗಿದ್ದರೆ ಎರೆಮಣ್ಣು ಮೆತ್ತಿಕೊಂಡು ಹತ್ತು ಹೆಜ್ಜೆಗೆ ಕಾಲು ಎತ್ತಲಾಗದಷ್ಟು ಭಾರವಾಗುತ್ತದೆ. ಬದುವಿನ ಜಾಲಿ ಮುಳ್ಳು ಮೆತ್ತನೆಯ ಫೋಮ್ ಅಟ್ಟೆಯನ್ನು ತೂರಿ ಅಂಗಾಲಿಗೇ ಬರುತ್ತದೆ. ಹೊಲದಲ್ಲಿ ಓಡಾಡುವವರಿಗೆ ಒಳಗಿನ ಗಟ್ಟಿ ಹಾಳೆ ಅಥವಾ ದಪ್ಪ ರಬ್ಬರಿನ ಅಟ್ಟೆ ಅತ್ಯಗತ್ಯ.

ನೀರು ಹೋಗದ ಪೊರೆಯಿರುವ ದುಬಾರಿ ಶೂಗಳನ್ನು ಅಂಗಡಿಯವರು ಹೊಗಳುತ್ತಾರೆ. ಆ ಪೊರೆ ಬೆವರನ್ನು ಹೊರಬಿಡುವುದು ನಿಧಾನ. ನಮ್ಮ ಸೆಕೆಯಲ್ಲಿ ಅದರೊಳಗೆ ಕಾಲು ಬೆಂದಂತಾಗುತ್ತದೆ. ಹಳ್ಳ ದಾಟುವಾಗ ಮೇಲಿನಿಂದ ಹೊಕ್ಕ ನೀರೂ ಬೇಗ ಹೊರಗೆ ಹೋಗುವುದಿಲ್ಲ. ಜಾಳಿಗೆಯಂಥ ಬಟ್ಟೆಯ ಶೂ ನೆನೆದರೂ ನಡೆಯುತ್ತ ನಡೆಯುತ್ತಲೇ ಒಣಗುತ್ತದೆ. ಈ ಕಡೆಗೆ ಅದೇ ಸರಿ.

ಕೊನೆಗೆ ಅಂಗಡಿ

ಉಮರ್ಗಾದಲ್ಲಿ ಕೊಳ್ಳಿ, ಲಾತೂರಿನಲ್ಲಿ ಕೊಳ್ಳಿ, ಕಲಬುರಗಿಯಲ್ಲಿ ಕೊಳ್ಳಿ, ಸಂಜೆಯ ಹೊತ್ತು ಹೋಗಿ. ನಡೆಯುವಾಗ ಹಾಕುವ ಕಾಲುಚೀಲವನ್ನೇ ಹಾಕಿಕೊಂಡು ಹೋಗಿ. ಪಾದದ ಗೆರೆಯಿರುವ ಕಾಗದವೂ ಜೊತೆಗಿರಲಿ. ಶೂ ಒಳಗಿನ ಮೆತ್ತೆಯನ್ನು ಹೊರಗೆ ತೆಗೆದು ಆ ಗೆರೆಯ ಮೇಲಿಟ್ಟರೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ. ಪಾದದ ಗೆರೆ ಮೆತ್ತೆಯ ಅಂಚಿನಿಂದ ಎಲ್ಲಿಯೂ ಹೊರಚಾಚಬಾರದು, ಉದ್ದನೆಯ ಬೆರಳಿನ ಮುಂದೆ ಒಂದು ಸೆಂ.ಮೀ.ಯಷ್ಟು ಜಾಗ ಉಳಿಯಬೇಕು.

ಆಮೇಲೆ ಶೂವನ್ನು ಕೈಯಲ್ಲಿ ಹಿಡಿದು ಬಾಗಿಸಿ. ಬೆರಳುಗಳು ಬಾಗುವ ಜಾಗದಲ್ಲಿ ಅದು ಬಾಗಬೇಕು. ನಡುವಿನಲ್ಲಿ ಕಾಗದದಂತೆ ಮಡಚಿಕೊಂಡರೆ ಅಂಗಾಲಿಗೆ ಆಸರೆಯಿಲ್ಲ ಎಂದರ್ಥ. ಹಿಮ್ಮಡಿಯ ಭಾಗವನ್ನು ಎರಡು ಬೆರಳಿನಿಂದ ಒತ್ತಿ ನೋಡಿ, ಅದು ಸುಲಭವಾಗಿ ಕುಸಿಯಬಾರದು. ಒಳಗೆ ಕೈಹಾಕಿ ಸುತ್ತಲೂ ಸವರಿ. ಕೈಗೆ ತಾಗುವ ಗಂಟು ಕಾಲಿಗೆ ಹುಣ್ಣಾಗುತ್ತದೆ. ಹಾಕಿಕೊಂಡು ಅಂಗಡಿಯೊಳಗೆ ಚೆನ್ನಾಗಿ ಓಡಾಡಿ, ಮೆಟ್ಟಿಲಿದ್ದರೆ ಹತ್ತಿ ಇಳಿಯಿರಿ. ಇಳಿಯುವಾಗ ಬೆರಳು ಮುಂದೆ ತಾಗಿದರೆ ಆ ಶೂ ಬೇಡ. ಹತ್ತುವಾಗ ಹಿಮ್ಮಡಿ ಮೇಲಕ್ಕೆ ಜಾರಿದರೆ ಲೇಸನ್ನು ಕೊನೆಯ ಹೆಚ್ಚುವರಿ ತೂತಿನ ಮೂಲಕ ಕುಣಿಕೆ ಮಾಡಿ ಬಿಗಿದು ನೋಡಿ, ಆಗಲೂ ಜಾರಿದರೆ ಬೇರೆ ಜೋಡಿ ಕೇಳಿ. ‘ಹಾಕಿದ ಮೇಲೆ ಸಡಿಲಾಗುತ್ತದೆ’ ಎಂಬ ಮಾತು ಚರ್ಮಕ್ಕೆ ಒಪ್ಪುತ್ತದೆ. ಇಂದಿನ ಸಿಂಥೆಟಿಕ್ ಶೂಗೆ ಒಪ್ಪುವುದಿಲ್ಲ, ಅದು ಅಂಗಡಿಯಲ್ಲೇ ಹಿತವಾಗಿರಬೇಕು.

ಹಿಮ್ಮಡಿಯ ಎತ್ತರಕ್ಕೂ ಬೆರಳಿನ ಭಾಗದ ಎತ್ತರಕ್ಕೂ ಇರುವ ವ್ಯತ್ಯಾಸವನ್ನೂ ಕೇಳಿ ತಿಳಿಯಿರಿ. ಮಾಮೂಲಿ ಶೂಗಳಲ್ಲಿ ಅದು 8ರಿಂದ 12 ಮಿ.ಮೀ. ಇತ್ತೀಚಿನ ಕೆಲವು ಟ್ರೇಲ್ ಶೂಗಳಲ್ಲಿ ಸೊನ್ನೆ. ಬರಿಗಾಲಿನ ರೂಢಿ ಇದ್ದವರಿಗೆ ಸೊನ್ನೆ ಹಿತವಾಗಬಹುದು. ವರ್ಷಗಟ್ಟಲೆ ಎತ್ತರದ ಹಿಮ್ಮಡಿಯ ಶೂ ಹಾಕಿದವರು ಒಮ್ಮೆಲೇ ಬದಲಾಯಿಸಿದರೆ ಮೀನಖಂಡ ಮತ್ತು ಹಿಮ್ಮಡಿಯ ಹಿಂದಿನ ಸ್ನಾಯುರಜ್ಜು ಜಗ್ಗಿಕೊಳ್ಳುತ್ತವೆ. ಏನೇ ಕೊಂಡರೂ ಯಾತ್ರೆಗೆ ಎರಡು ಮೂರು ವಾರ ಮೊದಲೇ ಕೊಂಡು, ದಿನವೂ ಹಾಕಿ ನಡೆದು ಪಳಗಿಸಿ.

ಚಪ್ಪಲಿಯ ಮಾತು

ಸೀರೆಯುಟ್ಟು ನಡೆಯುವ ತಾಯಂದಿರಿಗೆ, ದಾರಿಯುದ್ದಕ್ಕೂ ಗುಡಿಗಳಲ್ಲಿ ಮೆಟ್ಟು ಬಿಚ್ಚಬೇಕಾದವರಿಗೆ ಶೂ ತೊಡಕು ಎನಿಸುವುದು ಸಹಜ. ಅವರಿಗೆ ಹಿಮ್ಮಡಿಗೆ ಪಟ್ಟಿಯಿರುವ, ಮೂರು ಕಡೆ ಬಿಗಿ ಹೊಂದಿಸಬಹುದಾದ ಸ್ಯಾಂಡಲ್ ಒಳ್ಳೆಯ ದಾರಿ. ಹವಾಯಿ ಚಪ್ಪಲಿ ಮಾತ್ರ ದೂರದ ನಡಿಗೆಗೆ ಬೇಡವೇ ಬೇಡ. ಅದು ಜಾರದಂತೆ ಬೆರಳುಗಳು ಪ್ರತಿ ಹೆಜ್ಜೆಗೂ ಅದನ್ನು ಹಿಡಿದುಕೊಳ್ಳಬೇಕು. ಆ ಹಿಡಿತದಲ್ಲೇ ಅಂಗಾಲು, ಮೀನಖಂಡ ಸೋಲುತ್ತವೆ, ಬೆರಳ ಸಂದಿನಲ್ಲಿ ಚರ್ಮ ಕಿತ್ತುಬರುತ್ತದೆ.

ಈ ಸೀಮೆಯ ಹಳೆಯ ಮೆಟ್ಟು ಗಟ್ಟಿ ಚರ್ಮದ್ದು. ಇಂದು ಕೊಲ್ಹಾಪುರಿ ಎಂದು ಕರೆಯುವ ಚಪ್ಪಲಿಯ ಭೌಗೋಳಿಕ ಗುರುತು ಎರಡು ರಾಜ್ಯಗಳಿಗೆ ಒಟ್ಟಿಗೆ ಸಿಕ್ಕಿದೆ: ಮಹಾರಾಷ್ಟ್ರದ ಕೊಲ್ಹಾಪುರ, ಸಾಂಗ್ಲಿ, ಸಾತಾರಾ, ಸೊಲ್ಲಾಪುರ, ಕರ್ನಾಟಕದ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ. ಜಾಲಿಯ ತೊಗಟೆ, ಅಳಲೆಕಾಯಿಗಳಲ್ಲಿ ಹದ ಮಾಡಿದ ಚರ್ಮವನ್ನು ಕೈಯಲ್ಲೇ ಹೊಲಿದು ಮಾಡಿದ ಜೋಡಿ ಒಣ ನೆಲದಲ್ಲಿ ಕಾಲನ್ನು ತಂಪಾಗಿ ಇಡುತ್ತದೆ, ಎಣ್ಣೆ ಹಚ್ಚಿ ಪಳಗಿಸಿದರೆ ಕಾಲಿನ ಆಕಾರವನ್ನೇ ತಾಳುತ್ತದೆ. ಮಳೆ ಅದಕ್ಕೆ ಆಗದು, ಡಾಂಬರಿನ ಬಡಿತವನ್ನೂ ಅದು ಹೀರುವುದಿಲ್ಲ. ಹೊಲ, ಮನೆ, ಹತ್ತಿರದ ಊರಿಗೆ ಅದು ಯೋಗ್ಯ. ಹೆದ್ದಾರಿಯ ದೀರ್ಘ ನಡಿಗೆಗೆ ಮೆತ್ತನೆಯ ಅಟ್ಟೆಯೇ ಬೇಕು.

ಗುಳ್ಳೆ ಏಳುವುದು ಹೇಗೆ

ಒಳಗಿನ ಮೂಳೆ ಮುಂದಕ್ಕೆ ಸರಿಯುವಾಗ ಹೊರಗಿನ ಚರ್ಮ ಮೆಟ್ಟಿಗೆ ಅಂಟಿ ಹಿಂದೆಯೇ ನಿಂತರೆ, ನಡುವಿನ ಪದರ ಹರಿದು ಅಲ್ಲಿ ನೀರು ತುಂಬುತ್ತದೆ. ಅದೇ ಗುಳ್ಳೆ. ಬೆವರಿನಿಂದ ಒದ್ದೆಯಾದ ಚರ್ಮ ಹೆಚ್ಚು ಅಂಟುವುದರಿಂದ ಗುಳ್ಳೆಯೂ ಹೆಚ್ಚು. ಹತ್ತಿಯ ಕಾಲುಚೀಲ ಬೆವರನ್ನು ಕುಡಿದು ಹಾಗೆಯೇ ಹಿಡಿದಿಟ್ಟುಕೊಳ್ಳುತ್ತದೆ. ಓಟಗಾರರು ಹಾಕುವ ಸಿಂಥೆಟಿಕ್ ಅಥವಾ ತೆಳು ಉಣ್ಣೆಯ ಕಾಲುಚೀಲ ಬೇಗ ಆರುತ್ತದೆ. ಎರಡು ಜೊತೆ ಇಟ್ಟುಕೊಂಡು, ತಂಗಿದಲ್ಲೆಲ್ಲ ಶೂ ಬಿಚ್ಚಿ ಕಾಲಿಗೆ ಗಾಳಿಯಾಡಿಸಿ, ಚೀಲ ಬದಲಿಸುವುದು ಅತಿ ಅಗ್ಗದ ಮದ್ದು. ಒಂದು ಜಾಗ ಬಿಸಿಯಾಗಿ ಉರಿಯತೊಡಗಿದರೆ ‘ಮುಂದಿನ ಊರಲ್ಲಿ ನೋಡೋಣ’ ಎನ್ನದೆ ಅಲ್ಲೇ ನಿಂತು ಅಂಟುಪಟ್ಟಿ ಹಚ್ಚಬೇಕು. ಗುಳ್ಳೆ ಎದ್ದಿದ್ದರೆ ಮೇಲಿನ ಚರ್ಮ ಕಿತ್ತು ಹಾಕಬಾರದು, ಅದೇ ಒಳಗಿನ ಹಸಿ ಚರ್ಮಕ್ಕೆ ಹೊದಿಕೆ. ಉಗುರುಗಳನ್ನು ಕೆಲವು ದಿನ ಮೊದಲೇ ನೇರವಾಗಿ ಕತ್ತರಿಸಿಕೊಂಡಿರಿ.

ಬಾಳಿಕೆ ಮತ್ತು ಹೊಲಿಯುವ ಕೈ

ಶೂ ಸಾಯುವುದು ಹೊರಗಿನಿಂದಲ್ಲ, ನಡುವಿನಿಂದ. ಅಟ್ಟೆಗೂ ಕಾಲಿಗೂ ನಡುವಿನ ಫೋಮ್ ಪದರ ಸಾಮಾನ್ಯವಾಗಿ 500ರಿಂದ 800 ಕಿ.ಮೀ.ಗೆ ತನ್ನ ಪುಟಿತ ಕಳೆದುಕೊಳ್ಳುತ್ತದೆ. ಮೇಜಿನ ಮೇಲಿಟ್ಟಾಗ ಒಂದು ಕಡೆಗೆ ವಾಲಿದರೆ, ಫೋಮಿನ ಪಕ್ಕದಲ್ಲಿ ಅಡ್ಡಗೆರೆಗಳು ತುಂಬಿದ್ದರೆ, ನಡೆದ ಮರುದಿನ ಮೊಣಕಾಲು ಹೊಸದಾಗಿ ನೋಯತೊಡಗಿದರೆ, ಮೇಲೆ ಎಷ್ಟೇ ಚೆನ್ನಾಗಿ ಕಂಡರೂ ಅದರ ಆಯುಷ್ಯ ಮುಗಿದಿದೆ. ಪಾಲಿಯುರಿಥೇನಿನ ಪದರವಿರುವ ಬೂಟುಗಳು ಬಳಸದೆ ವರ್ಷಗಟ್ಟಲೆ ಇಟ್ಟರೂ ಗಾಳಿಯ ತೇವಕ್ಕೆ ಒಳಗೇ ಪುಡಿಯಾಗುತ್ತವೆ. ಹಳೆಯ ಸರಕನ್ನು ರಿಯಾಯಿತಿಯಲ್ಲಿ ಕೊಳ್ಳುವವರು ಇದನ್ನು ನೆನಪಿಡಬೇಕು. ಒದ್ದೆ ಶೂವನ್ನು ಬಿಸಿಲಿಗೆ, ಒಲೆಯ ಬಳಿಗೆ ಇಟ್ಟರೆ ಅಂಟು ಬಿಡುತ್ತದೆ. ಒಳಗೆ ಪತ್ರಿಕೆಯ ಹಾಳೆ ತುರುಕಿ ನೆರಳಲ್ಲಿ ಒಣಗಿಸಿ.

ಹೊಸ ಶೂ ತಂದ ವಾರದಲ್ಲೇ ನಮ್ಮೂರ ಚಪ್ಪಲಿ ಹೊಲಿಯುವವರ ಹತ್ತಿರ ಅಟ್ಟೆಯ ಸುತ್ತ ಹೊಲಿಗೆ ಹಾಕಿಸುವ ನಮ್ಮ ಜನರ ರೂಢಿ ಜಾಣತನದ್ದು. ಅಂಟು ಬಿಟ್ಟರೂ ದಾರ ಹಿಡಿದಿರುತ್ತದೆ. ಈ ಕುಶಲತೆಗೆ ಸಲ್ಲಬೇಕಾದ ಗೌರವವನ್ನು ಇದೇ ನೆಲ ಎಂದೋ ಕಲಿಸಿದೆ. ಉಮರ್ಗಾದಿಂದ ದೂರವಿಲ್ಲದ ಬಸವಕಲ್ಯಾಣದಲ್ಲಿ, ಮೆಟ್ಟು ಹೊಲಿಯುತ್ತಿದ್ದ ಶರಣ ಹರಳಯ್ಯನ ಗವಿ ಇದೆ. ತನ್ನ ಶರಣಿಗೆ ಬಸವಣ್ಣ ಎರಡು ಶರಣು ಹೇಳಿದ ಋಣ ತೀರಿಸಲು ಹರಳಯ್ಯ, ಕಲ್ಯಾಣಮ್ಮ ದಂಪತಿ ತಮ್ಮ ತೊಡೆಯ ಚರ್ಮದಿಂದ ಮೆಟ್ಟು ಮಾಡಿ ತಂದರೆಂದೂ, ಬಸವಣ್ಣ ಅವನ್ನು ಕಾಲಿಗೆ ಹಾಕದೆ ತಲೆಯ ಮೇಲಿಟ್ಟುಕೊಂಡನೆಂದೂ ಶರಣ ಪರಂಪರೆ ಹೇಳುತ್ತದೆ. ಮೆಟ್ಟು ಕೀಳಲ್ಲ, ಮಾಡುವ ಕೈಯೂ ಕೀಳಲ್ಲ ಎಂಬುದನ್ನು ಹನ್ನೆರಡನೆಯ ಶತಮಾನದಲ್ಲೇ ಕೇಳಿಸಿಕೊಂಡ ಸೀಮೆ ಇದು.

ಬರಿಗಾಲಿನ ಹರಕೆ ಮತ್ತು ಸಕ್ಕರೆ ಕಾಯಿಲೆ

ಬರಿಗಾಲಲ್ಲಿ ಬರುತ್ತೇನೆಂದು ಹರಕೆ ಹೊತ್ತವರ ಭಕ್ತಿಗೆ ತಲೆಬಾಗುತ್ತೇನೆ. ಆರೋಗ್ಯವಂತ, ರೂಢಿಯಿರುವ ಕಾಲು ಬರಿಗಾಲ ನಡಿಗೆಯನ್ನು ತಾಳುತ್ತದೆ. ಮಧ್ಯಾಹ್ನದ ಕಾದ ಡಾಂಬರನ್ನು ತಪ್ಪಿಸಿ ಬೆಳಗಿನ ಜಾವ, ಸಂಜೆ ನಡೆದರೆ ಸಾಕು. ಸಕ್ಕರೆ ಕಾಯಿಲೆ ಇರುವವರ ಸಂಗತಿ ಬೇರೆ. ದೇಶದಲ್ಲಿ ಸುಮಾರು 10.1 ಕೋಟಿ ಜನರಿಗೆ ಈ ಕಾಯಿಲೆ ಇದೆ ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಬೆಂಬಲದಿಂದ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನ ಅಂದಾಜಿಸಿದೆ. ವರ್ಷಗಳು ಕಳೆದಂತೆ ಅನೇಕರ ಪಾದದ ನರಗಳು ಸಂವೇದನೆ ಕಳೆದುಕೊಳ್ಳುತ್ತವೆ. ಮುಳ್ಳು ಚುಚ್ಚಿದ್ದು, ರಸ್ತೆ ಸುಟ್ಟಿದ್ದು ಗೊತ್ತಾಗುವುದಿಲ್ಲ. ಗುಳ್ಳೆ ಹುಣ್ಣಾಗಿ, ಹುಣ್ಣು ಕೊಳೆತು ಬೆರಳನ್ನೋ ಪಾದವನ್ನೋ ಕತ್ತರಿಸುವವರೆಗೆ ಹೋಗುತ್ತದೆ.

ನೋವು ಎಂಥ ಕಾವಲುಗಾರ ಎಂಬುದನ್ನು ಜಗತ್ತಿಗೆ ತೋರಿಸಿದವರಲ್ಲಿ ಡಾ. ಪಾಲ್ ಬ್ರಾಂಡ್ ಪ್ರಮುಖರು. 1946ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ ಬಂದ ಅವರು, ಕುಷ್ಠರೋಗಿಗಳ ಪಾದ ಹಾಳಾಗುವುದು ಮಾಂಸ ತಾನಾಗಿ ಕೊಳೆತು ಅಲ್ಲ, ನೋವು ತಿಳಿಯದೆ ಆದ ಗಾಯಗಳಿಂದ ಎಂದು ಕಂಡುಕೊಂಡರು. ಅಂಥ ಪಾದಕ್ಕೆ ಔಷಧದಷ್ಟೇ ಮುಖ್ಯವಾದದ್ದು ತಕ್ಕ ಮೆಟ್ಟು ಎಂಬ ತಿಳಿವಳಿಕೆಯಿಂದ ಭಾರತದಲ್ಲಿ ಎಂ.ಸಿ.ಆರ್. ಚಪ್ಪಲಿಗಳು ಬಳಕೆಗೆ ಬಂದವು. ಮೈಕ್ರೋಸೆಲ್ಯುಲರ್ ರಬ್ಬರಿನ ಆ ಮೆತ್ತನೆಯ ಒಳಹಾಸು ಭಾರವನ್ನು ಪಾದದ ತುಂಬ ಹಂಚುತ್ತದೆ. ಇಂದು ಸಕ್ಕರೆ ಕಾಯಿಲೆಯವರಿಗೂ ವೈದ್ಯರು ಅದನ್ನೇ ಬರೆದುಕೊಡುತ್ತಾರೆ. ಇಂಥವರು ಬರಿಗಾಲಿನ ಹರಕೆಯನ್ನು ಬೇರೊಂದು ಸೇವೆಗೆ ಬದಲಿಸಿಕೊಳ್ಳಲಿ. ಯಾವ ತಾಯಿಯೂ ಮಕ್ಕಳ ಕಾಲನ್ನು ಬೇಡುವುದಿಲ್ಲ.

ಹುಣ್ಣಿಮೆಯ ಹೊತ್ತಿಗೆ ದಾರಿಯುದ್ದಕ್ಕೂ ಅನ್ನ, ಚಹಾ, ಬಾಳೆಹಣ್ಣು ಹಂಚುವ ಪುಣ್ಯವಂತರಿದ್ದಾರೆ. ಅವರ ಪೆಂಡಾಲಿನ ಮೂಲೆಯಲ್ಲಿ ಒಂದು ಬಕೆಟ್ ಶುದ್ಧ ನೀರು, ಅಂಟುಪಟ್ಟಿ, ಕಾಲು ನೋಡಬಲ್ಲ ಒಬ್ಬ ದಾದಿ, ದಾರ ಸೂಜಿಯೊಂದಿಗೆ ಚಪ್ಪಲಿ ಹೊಲಿಯುವವರೊಬ್ಬರು ಇದ್ದರೆ ಅದೂ ದಾಸೋಹವೇ. ಮನೆಯಲ್ಲಿ ಮಾಡಬೇಕಾದದ್ದು ಇನ್ನೂ ಸುಲಭ. ಯಾತ್ರೆಗೆ ಹೊರಡುವ ಹಿರಿಯರನ್ನು ಬೆಳಕಿನಲ್ಲಿ ಕೂರಿಸಿ ಅಂಗಾಲು, ಬೆರಳ ಸಂದು ನೋಡಿ. ಗಾಯ, ಬಿರುಕು, ಜೋಮು ಇದ್ದರೆ ವೈದ್ಯರ ಬಳಿ ಕರೆದುಕೊಂಡು ಹೋಗಿ. ಸಂಜೆ ಪಾದದ ಗೆರೆ ಎಳೆದುಕೊಂಡು ಅವರನ್ನೂ ಅಂಗಡಿಗೆ ಕರೆದೊಯ್ದು, ಅವರು ಎದ್ದು ನಡೆದು ‘ಹಿತವಾಗಿದೆ’ ಎಂದ ಮೇಲೆಯೇ ದುಡ್ಡು ಕೊಡಿ. ಈ ಕೆಲಸ ದಸರೆಗೆ ಮೊದಲೇ ಆಗಲಿ, ಮೆಟ್ಟು ಕಾಲಿಗೆ ಪಳಗಲು ಅಷ್ಟು ದಿನ ಬೇಕು.